‘ನೋ ಕಾಂಟ್ರಾಕ್ಟ್’ ಫೋನ್ ಕೊಳ್ಳುವ ಮುನ್ನ ದಯವಿಟ್ಟು ಇದನ್ನು ಓದಿ

ಅಮೆರಿಕದಿಂದ ಊರಿಗೆ ಫೋನ್ ತರುವವರು, ಅಲ್ಲಿರುವ ಮಗನಿಗೋ ಅಳಿಯನಿಗೋ ಹೇಳಿ ತರಿಸಿಕೊಳ್ಳುವವರು, ಓದಲೆಂದು ಅಲ್ಲಿಗೆ ಹೋಗಿ ಮೊದಲ ಫೋನ್ ಕೊಳ್ಳಲು ಹೊರಟಿರುವವರು, ಎಲ್ಲರೂ ಕೇಳಿ. ಡಬ್ಬಿಯ ಮೇಲೆ ‘ನೋ ಕಾಂಟ್ರಾಕ್ಟ್’ ಎಂದು ಬರೆದಿದ್ದರೆ ಆ ಫೋನ್ ಅನ್‌ಲಾಕ್ಡ್, ಅಂದರೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವಂಥದ್ದು, ಎಂದು ತಿಳಿಯಬೇಡಿ. ಎರಡೂ ಒಂದೇ ಅಲ್ಲ. ಪೂರ್ತಿ ಹಣ ಎಣಿಸಿಕೊಟ್ಟು, ರಸೀದಿ ಪಡೆದು, ಯಾವ ಕರಾರಿಗೂ ಸಹಿ ಹಾಕದೆ ಮನೆಗೆ ತಂದ ಫೋನ್ ಕೂಡ ಒಂದೇ ಒಂದು ಕಂಪನಿಯ ಸಿಮ್ ಬಿಟ್ಟು ಬೇರೆ ಯಾವುದನ್ನೂ ಒಪ್ಪದೆ ಇರಬಹುದು. ನನಗೆ ಆಗಿರುವುದು ಇದೇ. ಈ ವ್ಯವಹಾರದಲ್ಲಿ ಮಳಿಗೆಯವರು ಮತ್ತು ಮೊಬೈಲ್ ಕಂಪನಿಯವರು ಕೊಟ್ಟ ಉತ್ತರಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನಿರುವುದು ಅಮೆರಿಕದಲ್ಲಿ. ರಜೆಗೆ ಊರಿಗೆ ಹೊರಡುವ ಮುನ್ನ ಅಪ್ಪನಿಗೆಂದು ಒಂದು ಆಂಡ್ರಾಯ್ಡ್ ಫೋನ್ ನೋಡಲು ದೊಡ್ಡ ಮಳಿಗೆಯೊಂದಕ್ಕೆ ಹೋದೆ. ಹೆಸರು ಬರೆಯುವುದಿಲ್ಲ, ಈ ಆಟ ಒಂದೇ ಮಳಿಗೆಯದಲ್ಲ. ಒಂದೇ ಮಾದರಿಯ ಫೋನ್ ಎರಡು ಕಡೆ ನೇತುಹಾಕಿತ್ತು. ಒಂದರ ಬೆಲೆ ಇನ್ನೊಂದಕ್ಕಿಂತ ಬಹಳ ಕಡಿಮೆ. ಕಡಿಮೆ ಬೆಲೆಯದರ ಮೇಲೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ‘ನೋ ಕಾಂಟ್ರಾಕ್ಟ್’. ಸುಮ್ಮನೆ ಎತ್ತಿಕೊಂಡು ಬಂದವನಲ್ಲ ನಾನು. ಅಲ್ಲಿದ್ದ ಹುಡುಗನನ್ನು ಕರೆದು ಸ್ಪಷ್ಟವಾಗಿ ಕೇಳಿದೆ: “ಇದಕ್ಕೆ ಯಾವ ಸಿಮ್ ಬೇಕಾದರೂ ಹಾಕಬಹುದೇ? ಇದನ್ನು ಭಾರತಕ್ಕೆ ಒಯ್ಯುತ್ತಿದ್ದೇನೆ.” ಅವನು ಡಬ್ಬಿಯನ್ನು ತಿರುಗಿಸಿಯೂ ನೋಡಲಿಲ್ಲ. “ಹಾಕಬಹುದು, ಇದಕ್ಕೆ ಕಾಂಟ್ರಾಕ್ಟ್ ಇಲ್ಲವಲ್ಲ” ಎಂದ. ಬೆಲೆ ಯಾಕೆ ಇಷ್ಟು ಕಡಿಮೆ ಎಂದೂ ಕೇಳಿದೆ. “ಆಫರ್ ನಡೆಯುತ್ತಿದೆ” ಎಂದ. ಈ ಎರಡು ಉತ್ತರಗಳನ್ನು ನೆನಪಿಟ್ಟುಕೊಳ್ಳಿ.

ಊರಿಗೆ ಹೋದ ಮೇಲೆ ಅಪ್ಪನ ಕೈಯಿಂದಲೇ ಡಬ್ಬಿ ತೆರೆಸಿದೆವು. ಅಕ್ಕ, ಭಾವ, ಪಕ್ಕದ ಮನೆಯವರು ಎಲ್ಲರೂ ಇದ್ದರು. ಅಪ್ಪನ ಹಳೆಯ ಫೋನಿನಿಂದ ಸಿಮ್ ತೆಗೆದು ಹೊಸದಕ್ಕೆ ಹಾಕಿ ಆನ್ ಮಾಡಿದೆ. ಪರದೆಯ ಮೇಲೆ ಒಂದು ಖಾಲಿ ಚೌಕ ಬಂತು. ಅದರ ಮೇಲೆ ‘ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್’ ಎಂದು ಬರೆದಿತ್ತು, ಕೆಳಗೆ ‘ಅನ್‌ಲಾಕ್’ ಎಂಬ ಗುಂಡಿ. ಸಿಮ್ಮಿನ ಪಿನ್ ಕೇಳುತ್ತಿದೆ ಎಂದುಕೊಂಡ ಅಪ್ಪ ತಮ್ಮ ಡೈರಿ ತಂದರು. ಭಾವನ ಸಿಮ್ ಹಾಕಿ ನೋಡಿದೆವು, ಮತ್ತೆ ಅದೇ ಚೌಕ. ಅಕ್ಕನದು ಬೇರೆ ಕಂಪನಿಯ ಸಿಮ್, ಅದಕ್ಕೂ ಅದೇ ಚೌಕ. ರಿಸೆಟ್ ಮಾಡಿದೆ, ಎಲ್ಲವೂ ಅಳಿಸಿಹೋಯಿತು, ಆ ಚೌಕ ಮಾತ್ರ ಹೋಗಲಿಲ್ಲ. ವೈಫೈ ಬರುತ್ತಿದೆ, ಕ್ಯಾಮೆರಾ ಇದೆ, ಎಲ್ಲವೂ ಇದೆ, ಕರೆ ಮಾತ್ರ ಹೋಗುವುದಿಲ್ಲ. ಭಾವ ಏನೂ ಹೇಳಲಿಲ್ಲ. ಪಕ್ಕದ ಮನೆಯವರು “ಅಮೆರಿಕದ್ದಲ್ಲವೇ, ಇಲ್ಲಿಗೆ ಹೊಂದುವುದಿಲ್ಲವೇನೋ” ಎಂದರು. ಅಪ್ಪ “ಇರಲಿ ಬಿಡಪ್ಪ, ನನಗೆ ಹಳೆಯದೇ ಸಾಕು” ಎಂದು ಸಿಮ್ಮನ್ನು ತಿರುಗಿ ಹಳೆಯ ಫೋನಿಗೆ ಹಾಕಿಕೊಂಡರು. ಅಷ್ಟು ಜನರ ಎದುರು ತಲೆ ತಗ್ಗಿಸುವಂತಾಯಿತು.

ರಾತ್ರಿ ಆ ಡಬ್ಬಿಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಹಿಂಬದಿಯಲ್ಲಿ, ಬಾರ್‌ಕೋಡಿನ ಕೆಳಗೆ, ಬೂದು ಬಣ್ಣದ ಇರುವೆಗಾತ್ರದ ಅಕ್ಷರಗಳಲ್ಲಿ ಒಂದು ಸಾಲು: ಈ ಸಾಧನವನ್ನು ಇಂಥ ಕಂಪನಿಯ ಸೇವೆಯಲ್ಲಿ ಸಕ್ರಿಯಗೊಳಿಸಬೇಕು, ಅನ್‌ಲಾಕ್ ಮಾಡಲು ಷರತ್ತುಗಳು ಅನ್ವಯ. ಮುಂಬದಿಯಲ್ಲಿ ಹೆಬ್ಬೆರಳು ಗಾತ್ರ, ಹಿಂಬದಿಯಲ್ಲಿ ಇರುವೆಗಾತ್ರ! ಇದನ್ನು ಕಣ್ತಪ್ಪು ಎಂದು ನಾನು ಒಪ್ಪುವುದಿಲ್ಲ. ಗ್ರಾಹಕನ ಕಣ್ಣು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಲೆಕ್ಕ ಹಾಕಿಯೇ ಅಚ್ಚು ಹಾಕಿಸಿದ್ದಾರೆ.

ಮೊಬೈಲ್ ಕಂಪನಿಯ ಗ್ರಾಹಕ ಸೇವೆಗೆ ಚಾಟ್‌ನಲ್ಲಿ ಬರೆದೆ. ಪೂರ್ತಿ ಹಣ ಕೊಟ್ಟಿದ್ದೇನೆ, ರಸೀದಿ ಇದೆ, ಅನ್‌ಲಾಕ್ ಕೋಡ್ ಕೊಡಿ ಎಂದೆ. “ಈ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ನಮ್ಮ ನೆಟ್‌ವರ್ಕ್‌ನಲ್ಲಿ ಒಮ್ಮೆಯೂ ಸಕ್ರಿಯವಾಗಿಲ್ಲ. ಆದ್ದರಿಂದ ಅನ್‌ಲಾಕ್‌ಗೆ ಅರ್ಹವಲ್ಲ” ಎಂಬ ಉತ್ತರ ಬಂತು. ಹಾಗಾದರೆ ಸಕ್ರಿಯಗೊಳಿಸಿ ಎಂದೆ. “ಅದಕ್ಕೆ ಫೋನ್ ಅಮೆರಿಕದೊಳಗೆ ನಮ್ಮ ನೆಟ್‌ವರ್ಕ್‌ನಲ್ಲಿ ಇರಬೇಕು.” ಫೋನ್ ಭಾರತದಲ್ಲಿದೆ, ಅಪ್ಪನಿಗೆಂದು ಕೊಂಡದ್ದು ಎಂದೆ. ಆಗ ಬಂದ ಉತ್ತರ ಕೇಳಿ: “ನಮ್ಮ ಅಂತಾರಾಷ್ಟ್ರೀಯ ರೋಮಿಂಗ್ ಪ್ಯಾಕ್‌ಗಳ ಬಗ್ಗೆ ತಿಳಿಯಲು ಇಷ್ಟಪಡುತ್ತೀರಾ?” ನನ್ನ ಫೋನಿಗೆ ಬೀಗ ಜಡಿದು ಕೂತವರು, ಅದೇ ಬೀಗದ ಹೆಸರಿನಲ್ಲಿ ಇನ್ನೊಂದು ವ್ಯಾಪಾರ ಕುದುರಿಸಲು ನೋಡುತ್ತಿದ್ದರು! ಮೇಲಿನವರಿಗೆ ಕೊಡಿ ಎಂದೆ. ಮೇಲಿನವರೂ ಅದನ್ನೇ ಹೇಳಿದರು. ಪ್ರತಿಯೊಬ್ಬರೂ “ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ” ಎಂದೇ ಶುರು ಮಾಡುತ್ತಿದ್ದರು. ಅರ್ಥವಾಗಿದ್ದರೆ ಕೋಡ್ ಕೊಡಬೇಕಿತ್ತು.

ಅಮೆರಿಕಕ್ಕೆ ಮರಳಿದ ಮೇಲೆ ಫೋನನ್ನು ಹಿಡಿದುಕೊಂಡು ಅದೇ ಮಳಿಗೆಗೆ ಹೋದೆ. ಹಿಂದಿರುಗಿಸುವ ಗಡುವು ಮುಗಿದಿದೆ ಎಂದರು. ಗಡುವಿನ ಮಾತು ಆಮೇಲೆ, ನಿಮ್ಮ ಹುಡುಗ ಯಾವ ಸಿಮ್ ಬೇಕಾದರೂ ಹಾಕಬಹುದು ಎಂದು ಹೇಳಿ ಮಾರಿದ್ದಾನೆ ಎಂದೆ. ಮ್ಯಾನೇಜರ್ ತಣ್ಣಗೆ ಹೇಳಿದರು: “ಆ ಕಂಪನಿಯ ಯಾವ ಪ್ಲಾನ್ ಬೇಕಾದರೂ ಹಾಕಿಸಬಹುದು ಎಂದು ಹೇಳಿರುತ್ತಾನೆ.” ನಾನು ಕೇಳಿದ್ದು ಪ್ಲಾನ್ ಅಲ್ಲ, ಸಿಮ್. ನಾನು ಹೇಳಿದ್ದು ಭಾರತ. ಭಾರತದಲ್ಲಿ ಆ ಕಂಪನಿಯ ಪ್ಲಾನ್ ಹಾಕಿಸಿಕೊಂಡು ನನ್ನ ಅಪ್ಪ ಏನು ಮಾಡಬೇಕು? “ನೀವು ಕಾಂಟ್ರಾಕ್ಟ್ ಇಲ್ಲದ ಫೋನ್ ಕೊಂಡಿದ್ದೀರಿ. ಇದಕ್ಕೆ ಕಾಂಟ್ರಾಕ್ಟ್ ಇಲ್ಲ. ನಾವು ಹೇಳಿದ್ದನ್ನೇ ಕೊಟ್ಟಿದ್ದೇವೆ” ಎಂದು ಮಾತು ಮುಗಿಸಿದರು. ಕೇಳಿದ್ದಕ್ಕೆ ಸುಳ್ಳು ಉತ್ತರ ಕೊಟ್ಟು, ಕೇಳದೆ ಇದ್ದದ್ದಕ್ಕೆ ನಿಜ ಹೇಳಿ, ಕೊನೆಗೆ ತಮ್ಮದೇ ಸರಿ ಎನ್ನುತ್ತಾರೆ. ಆ ಹುಡುಗ ಪಕ್ಕದಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ.

ಈಗ ವಿಷಯ. ಭಾರತದಲ್ಲಿ ಅಂಗಡಿಗೆ ಹೋಗಿ ಫೋನ್ ಕೊಂಡು ಯಾವ ಸಿಮ್ ಬೇಕಾದರೂ ಹಾಕಿ ಅಭ್ಯಾಸವಾಗಿರುವ ನಮಗೆ ಇದು ಹೊಳೆಯುವುದೇ ಇಲ್ಲ. ಅಮೆರಿಕದಲ್ಲಿ ಕರಾರು ಬೇರೆ, ಬೀಗ ಬೇರೆ. ಮೊದಲು ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ಕಂಪನಿ ಅಗ್ಗಕ್ಕೆ ಫೋನ್ ಕೊಡುತ್ತಿತ್ತು, ನಡುವೆ ಬಿಟ್ಟರೆ ದಂಡ. ಆ ಪದ್ಧತಿ ಈಗ ಹೆಚ್ಚುಕಡಿಮೆ ಹೋಗಿದೆ, ಬದಲಿಗೆ 24 ಅಥವಾ 36 ತಿಂಗಳ ಕಂತು ಬಂದಿದೆ. ಅದನ್ನೂ ಕಾಂಟ್ರಾಕ್ಟ್ ಇಲ್ಲ ಎಂದೇ ಮಾರುತ್ತಾರೆ, ಆದರೆ ಕಂತು ತೀರುವ ತನಕ ಸಾಮಾನ್ಯವಾಗಿ ಬೀಗ ತೆಗೆಯುವುದಿಲ್ಲ. ನಾನು ಕೊಂಡದ್ದು ಪ್ರೀಪೇಯ್ಡ್ ಫೋನ್. ಕರಾರೂ ಇಲ್ಲ, ಕಂತೂ ಇಲ್ಲ, ಬೀಗ ಮಾತ್ರ ಇದೆ. ಬೆಲೆ ಕಡಿಮೆ ಇರುವುದೇ ಆ ಬೀಗದ ಕಾರಣಕ್ಕೆ: ಫೋನಿನ ಬೆಲೆಯಲ್ಲಿ ಬಿಟ್ಟುಕೊಟ್ಟ ಹಣವನ್ನು ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿ ಕಂಪನಿ ವಸೂಲು ಮಾಡಿಕೊಳ್ಳುತ್ತದೆ. ಇದನ್ನು ‘ಆಫರ್’ ಎಂದ ಆ ಹುಡುಗ! ಪಕ್ಕದಲ್ಲಿ ಹೆಚ್ಚು ಬೆಲೆಗೆ ನೇತುಹಾಕಿದ್ದ ಅದೇ ಮಾದರಿಯೇ ಅನ್‌ಲಾಕ್ಡ್ ಫೋನ್.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ನಮ್ಮ ನೆರವಿಗೆ ಬರುವಷ್ಟು ಇಲ್ಲ. ಅಮೆರಿಕದಲ್ಲಿ 2014ರ ಆಗಸ್ಟ್‌ನಲ್ಲಿ ಬಂದ ಕಾನೂನು, ಗ್ರಾಹಕ ತನ್ನ ಫೋನಿನ ಬೀಗ ತೆಗೆಸಿಕೊಳ್ಳುವುದು ಅಪರಾಧವಲ್ಲ ಎನ್ನುತ್ತದೆ. ಕಂಪನಿ ತೆಗೆದುಕೊಡಲೇಬೇಕು ಎಂದು ಅದರಲ್ಲಿ ಇಲ್ಲ. ಅದಕ್ಕೂ ಮೊದಲು, 2013ರ ಡಿಸೆಂಬರ್‌ನಲ್ಲಿ, ಅಲ್ಲಿನ ದೊಡ್ಡ ಕಂಪನಿಗಳು ತಾವಾಗಿಯೇ ಕೆಲವು ನಿಯಮಗಳನ್ನು ಒಪ್ಪಿಕೊಂಡವು. ಪ್ರೀಪೇಯ್ಡ್ ಫೋನಿನ ಬೀಗವನ್ನು ಸಕ್ರಿಯಗೊಳಿಸಿದ ಒಂದು ವರ್ಷದೊಳಗೆ, ಅವರವರ ಷರತ್ತುಗಳಿಗೆ ಒಳಪಟ್ಟು, ತೆಗೆಯಬೇಕು ಎಂಬುದು ಅದರಲ್ಲಿ ಒಂದು. ಸಕ್ರಿಯಗೊಳಿಸಿದ ಮೇಲೆ, ಗಮನಿಸಿ! ಕೊಂಡ ದಿನದಿಂದ ಅಲ್ಲ. ಡಬ್ಬಿ ತೆರೆಯದೆ ಊರಿಗೆ ತಂದರೆ ಹತ್ತು ವರ್ಷವಾದರೂ ಆ ಲೆಕ್ಕ ಶುರುವಾಗುವುದಿಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಮೊಬೈಲ್ ಕಂಪನಿಗಳು ಹೊಸ ಫೋನ್‌ಗಳನ್ನು ಬೀಗವಿಲ್ಲದೆಯೇ ಕೊಡಬೇಕು. ಬ್ರಿಟನ್ ಮತ್ತು ಜಪಾನ್ ಎರಡೂ 2021ರಲ್ಲಿ ಬೀಗದ ಫೋನ್ ಮಾರಾಟವನ್ನು ನಿಲ್ಲಿಸಿದವು. ಅಲ್ಲೆಲ್ಲ ಆಗುವುದು ಅಮೆರಿಕದಲ್ಲಿ ಯಾಕೆ ಆಗುವುದಿಲ್ಲ?

ಐಫೋನ್ ಕೊಳ್ಳುವವರಿಗೆ ಬೇರೆಯದೇ ಬಲೆ ಇದೆ. ಕೆಲವು ಮಳಿಗೆಗಳು ಮಾರುವ ಐಫೋನ್‌ಗಳು ಡಬ್ಬಿಯಲ್ಲಿರುವಾಗ ಯಾವ ಕಂಪನಿಗೂ ಸೇರಿರುವುದಿಲ್ಲ, ಆದರೆ ಮೊದಲು ಯಾವ ಕಂಪನಿಯ ಸೇವೆಯಲ್ಲಿ ಸಕ್ರಿಯವಾಗುತ್ತವೋ ಆ ಕಂಪನಿಗೆ ಅಂಟಿಕೊಂಡುಬಿಡುತ್ತವೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಹೀಗೇ ಆಯಿತು. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ಕೆಳಗೆ ಹೋದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲು ಕಾಣುತ್ತದೆ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಮಾತ್ರ ಬೀಗವಿಲ್ಲ. ಬಳಸಿದ ಫೋನ್ ಕೊಳ್ಳುವಾಗ ಮಾರುವವರ ಎದುರಿಗೇ ಇದನ್ನು ತೆರೆದು ನೋಡಿ, ನಾಚಿಕೆ ಬೇಡ. ಇನ್ನೊಂದು: 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಬೀಗವಿದ್ದರೆ ಇ-ಸಿಮ್‌ಗೂ ಅದೇ ಗತಿ.

ಹಣ ಕೊಟ್ಟರೆ ಕೋಡ್ ಕಳುಹಿಸುತ್ತೇವೆ ಎನ್ನುವ ಜಾಲತಾಣಗಳಿಗೆ, ಬೀದಿಬದಿಯ ರಿಪೇರಿಯವರಿಗೆ ಕೈ ಹಾಕಲು ಬಿಡಬೇಡಿ. ಊರಿನಲ್ಲಿ ಒಬ್ಬರು “ಹತ್ತು ನಿಮಿಷದ ಕೆಲಸ ಸಾರ್” ಎಂದು ಮೂರು ಸಲ ತಪ್ಪು ಕೋಡ್ ಒತ್ತಿಬಿಟ್ಟಿದ್ದರು, ಅಷ್ಟರಲ್ಲಿ ನಾನು ಫೋನ್ ಕಿತ್ತುಕೊಂಡೆ. ಆ ಚೌಕಕ್ಕೆ ಎಷ್ಟು ಸಲ ತಪ್ಪು ಕೋಡ್ ಕೊಡಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಅದು ಮೀರಿದರೆ ಆಮೇಲೆ ಸರಿಯಾದ ಕೋಡ್ ಬಂದರೂ ಕೆಲಸಕ್ಕೆ ಬಾರದೆ ಹೋಗಬಹುದು.

ನನ್ನ ಸಲಹೆ ಇಷ್ಟೇ. ಕಾಂಟ್ರಾಕ್ಟ್ ಇದೆಯೇ ಎಂದು ಕೇಳಲೇಬೇಡಿ, ಅದಕ್ಕೆ ಅವರ ಬಳಿ ಸಿದ್ಧ ಉತ್ತರವಿದೆ. ಅನ್‌ಲಾಕ್ಡ್ ಎಂದು ರಸೀದಿಯ ಮೇಲೆ ಬರೆದುಕೊಡಿ ಎಂದು ಕೇಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಹೊರಡಿ. ಡಬ್ಬಿಯ ಮೇಲೆ ಮೊಬೈಲ್ ಕಂಪನಿಯ ಲಾಂಛನ ಇದ್ದರೆ ಮುಟ್ಟಬೇಡಿ. ಸಾಧ್ಯವಾದರೆ ತಯಾರಕರಿಂದಲೇ ನೇರವಾಗಿ ಅನ್‌ಲಾಕ್ಡ್ ಫೋನ್ ಕೊಳ್ಳಿ, ಹೆಚ್ಚು ಹಣವಾದರೂ ಪರವಾಗಿಲ್ಲ. ಉಡುಗೊರೆಯಾದರೂ ಸರಿ, ಹಿಂದಿರುಗಿಸುವ ಗಡುವಿನೊಳಗೆ ಡಬ್ಬಿ ಬಿಚ್ಚಿ ಬೇರೆ ಕಂಪನಿಯ ಸಿಮ್ ಹಾಕಿ ಪರೀಕ್ಷಿಸಿ. ಅಂಗಡಿಯ ಹುಡುಗರ ಬಾಯಿಮಾತನ್ನು ಮಾತ್ರ ನಂಬಬೇಡಿ.

ನಾನು ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ಗೆ ದೂರು ಕೊಟ್ಟೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ಕಂಪನಿ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಅಷ್ಟು ದಿನ ಕಾಯಿಸಿ ಬಂದ ಉತ್ತರದಲ್ಲಿ ಇದ್ದದ್ದು ಹಳೆಯ ವಾಕ್ಯಗಳೇ: ನಮ್ಮ ನಿಯಮ, ನಿಮ್ಮ ಸಾಧನ ಸಕ್ರಿಯವಾಗಿಲ್ಲ, ನಿಮ್ಮ ಬೇಸರ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸ, ಈ ಸಲ ಅದು ಸಹಿ ಇರುವ ಪತ್ರದಲ್ಲಿ ಬಂತು. ಈಗ ಆ ಫೋನಿಗೆ ಅದೇ ಕಂಪನಿಯ ಅತಿ ಕಡಿಮೆಯ ಪ್ಲಾನ್ ಹಾಕಿಸಿದ್ದೇನೆ. ಯಾರಿಗೂ ಕರೆ ಮಾಡದ, ಯಾರಿಂದಲೂ ಕರೆ ಬಾರದ ಆ ಸಂಖ್ಯೆಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೇನೆ, ವರ್ಷ ತುಂಬಲಿ ಎಂದು. ಅಷ್ಟೂ ಸೇರಿಸಿದರೆ ಪಕ್ಕದಲ್ಲಿ ನೇತುಹಾಕಿದ್ದ ಅನ್‌ಲಾಕ್ಡ್ ಫೋನಿನ ಬೆಲೆಯನ್ನೂ ಮೀರುತ್ತದೆ. ಅಪ್ಪನಿಗೆ ಬೇರೆ ಫೋನನ್ನು ಊರಿನಲ್ಲೇ ಕೊಡಿಸಿದ್ದಾಯಿತು. ಆದರೂ ಆ ಕೋಡ್ ನನ್ನ ಹಕ್ಕು, ಅದನ್ನು ಪಡೆಯದೆ ಬಿಡುವುದಿಲ್ಲ.