ಬಿಸಿನೀರಿನ ಪ್ರೆಷರ್ ವಾಷರ್: ಮೂರೂವರೆ ವರ್ಷ, ಒಂದು ಕಾಯಿಲ್, ತಿಂಗಳಿಗೊಂದು ಚೀಲ ಉಪ್ಪು

ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ. ಕೊಂಡ ಹೊಸದರಲ್ಲಿ ಕೇಳಿದ್ದರೆ ಐದು ಕೊಡುತ್ತಿದ್ದೆ. ಎರಡನೇ ವರ್ಷದ ಆಯುಧಪೂಜೆಯ ಹಿಂದಿನ ದಿನ ಕೇಳಿದ್ದರೆ ಸ್ಟಾರ್ ಅಲ್ಲ, ಮೆಷಿನ್ನೇ ಬೇಕಾ ತಗೊಂಡು ಹೋಗಿ ಅನ್ನುತ್ತಿದ್ದೆ.

ಹಿರಿಯೂರಿನ ಹತ್ತಿರ ಹೈವೇ ಪಕ್ಕ ನಮ್ಮದೊಂದು ವಾಟರ್ ಸರ್ವಿಸ್ ಇದೆ. ಬೈಕು ಕಾರು ಬರುತ್ತವೆ, ಆದರೆ ಬಾಡಿಗೆ ಕಟ್ಟಿಸುವುದು ಲಾರಿ, ಟಿಪ್ಪರ್, ಟ್ರ್ಯಾಕ್ಟರ್, ಜೆಸಿಬಿ. ಅಂದರೆ ಗ್ರೀಸು. ಮೊದಲೆಲ್ಲ ಚಾಸಿಗೆ ಡೀಸೆಲ್ ಬಳಿದು, ಬ್ರಷ್ ಹಾಕಿ ಉಜ್ಜಿ, ಆಮೇಲೆ ತಣ್ಣೀರು ಹೊಡೆಯುತ್ತಿದ್ದೆವು. ಒಂದು ಜೆಸಿಬಿಗೆ ಎರಡು ಗಂಟೆ, ಇಬ್ಬರು ಹುಡುಗರು. ಅವರ ಕೈ ನೋಡಿದರೆ ಬೇಸರವಾಗುತ್ತಿತ್ತು, ಚರ್ಮ ಸುಲಿದು ಬಿರುಕು ಬಿಟ್ಟಿರುತ್ತಿತ್ತು. ಅದಕ್ಕೇ ಈ ಮೆಷಿನ್ ತಂದದ್ದು. 2 ಲಕ್ಷ 85 ಸಾವಿರ, ಅದರಲ್ಲಿ ಅರ್ಧ ಸೊಸೈಟಿ ಸಾಲ.

ತ್ರೀ ಫೇಸ್, 200 ಬಾರ್ ಪ್ರೆಷರ್, ನಿಮಿಷಕ್ಕೆ 15 ಲೀಟರ್, ನೀರು ಕಾಯಿಸಲು ಡೀಸೆಲ್ ಬರ್ನರ್. ಉಳಿದದ್ದು ಕೆಟಲಾಗ್‌ನಲ್ಲಿ ಇರುತ್ತದೆ, ನೋಡಿಕೊಳ್ಳಿ. ಕಂಪನಿ ಹೆಸರು ಹೇಳುವುದಿಲ್ಲ. ನನಗೆ ಬಂದ ತೊಂದರೆ ಯಾವ ಕಂಪನಿಯದ್ದು ತಂದರೂ ಬರುತ್ತದೆ, ನಿಮ್ಮ ಬೋರಿನ ನೀರು ನಮ್ಮ ಬೋರಿನ ಥರ ಇದ್ದರೆ.

ಮೊದಲ ವರ್ಷ ಮಜಾ ಇತ್ತು. ಗ್ರೀಸ್ ಮೇಲೆ ಬಿಸಿನೀರು ಬಿದ್ದ ಕೂಡಲೇ ಅದು ತುಪ್ಪದ ಹಾಗೆ ಕರಗಿ ಇಳಿಯುವುದನ್ನು ನೋಡಲು ಡ್ರೈವರ್‌ಗಳು ಟೀ ಲೋಟ ಹಿಡಿದು ನಿಂತುಬಿಡುತ್ತಿದ್ದರು. ಎರಡು ಗಂಟೆಯ ಜೆಸಿಬಿ ನಲವತ್ತು ನಿಮಿಷಕ್ಕೆ ಬಂತು. ಬರ್ನರ್ ಗಂಟೆಗೆ ಸುಮಾರು 6 ಲೀಟರ್ ಡೀಸೆಲ್ ಕುಡಿಯುತ್ತದೆ, ಹಾಗಾಗಿ ಇಡೀ ಗಾಡಿಗೆ ಬಿಸಿ ಹೊಡೆಯುವುದಿಲ್ಲ. ಗ್ರೀಸ್ ಇರುವ ಕಡೆ ಮಾತ್ರ ಇಪ್ಪತ್ತು ನಿಮಿಷ ಬಿಸಿ, ಉಳಿದದ್ದಕ್ಕೆ ಬರ್ನರ್ ಆಫ್ ಮಾಡಿ ತಣ್ಣೀರು. ಅಲ್ಲಿಗೆ ಎರಡು ಲೀಟರ್ ಡೀಸೆಲ್. ಮೊದಲು ಬಳಿಯುತ್ತಿದ್ದುದೂ ಹೆಚ್ಚೂಕಮ್ಮಿ ಅಷ್ಟೇ ಅಲ್ವಾ? ಒಂದು ಸಲ ಮಾತ್ರ ಹುಡುಗನೊಬ್ಬ ಲಾರಿಯ ಮುಂದೆ ಅಂಟಿಸಿದ್ದ ಮನೆದೇವರ ಸ್ಟಿಕ್ಕರ್‌ಗೆ ಹತ್ತಿರದಿಂದ ಬಿಸಿ ಹೊಡೆದು ಪೂರ್ತಿ ಸುಲಿದುಬಿಟ್ಟ. ಆ ಜಗಳ ಬೇರೆ ಕಥೆ.

ಸಣ್ಣಪುಟ್ಟ ರಿಪೇರಿ ಆಗಲೇ ಶುರುವಾಗಿತ್ತು. ಒಂದು ಬೆಳಿಗ್ಗೆ ಚಿಮಣಿಯಿಂದ ಬಿಳಿ ಹೊಗೆ, ಕಣ್ಣು ಉರಿಯುವಷ್ಟು ಡೀಸೆಲ್ ವಾಸನೆ. ಬಿಳಿ ಹೊಗೆ ಅಂದರೆ ಡೀಸೆಲ್ ಸಿಂಪಡಣೆ ಆಗುತ್ತಿದೆ, ಬೆಂಕಿ ಸರಿಯಾಗಿ ಹತ್ತುತ್ತಿಲ್ಲ ಎಂದರ್ಥ. ನಮ್ಮಲ್ಲಿ ಕಾರಣ ಡೀಸೆಲ್ ಕ್ಯಾನಿನ ತಳದಲ್ಲಿ ಸೇರಿದ್ದ ನೀರು. ಟ್ಯಾಂಕ್ ಖಾಲಿ ಮಾಡಿ ಫಿಲ್ಟರ್ ಬದಲಿಸಿದರೆ ಮುಗೀತು. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದು. ಇನ್ನೊಂದು ಸಲ ಬರ್ನರ್ ಹತ್ತುತ್ತಿತ್ತು, ಹತ್ತು ಎಣಿಸುವಷ್ಟರಲ್ಲಿ ಆರಿಹೋಗುತ್ತಿತ್ತು. ಫೋನಿನಲ್ಲೇ ಸರ್ವಿಸ್‌ನವರು ಕಂಟ್ರೋಲ್ ಬಾಕ್ಸ್ ಹೋಗಿದೆ, 14 ಸಾವಿರ ಎಂದರು. ಬರ್ನರ್ ಪಕ್ಕದಲ್ಲಿ ಬೆರಳು ಗಾತ್ರದ ಒಂದು ಫೋಟೋ ಸೆಲ್ ಇರುತ್ತದೆ, ಬೆಂಕಿ ಹತ್ತಿದೆಯೋ ಇಲ್ಲವೋ ನೋಡುವ ಕಣ್ಣು ಅದು. ಬೆಂಕಿ ಕಾಣಿಸದಿದ್ದರೆ ಬಾಕ್ಸ್ ಡೀಸೆಲ್ ನಿಲ್ಲಿಸುತ್ತದೆ. ಮೇನ್ ಸ್ವಿಚ್ ತೆಗೆದು ಅದನ್ನು ಎಳೆದು ನೋಡಿದೆ. ಮಸಿ ಮೆತ್ತಿಕೊಂಡು ಕುರುಡಾಗಿತ್ತು. ಬನಿಯನ್ ಬಟ್ಟೆಯಲ್ಲಿ ಒರೆಸಿದೆ, ಅಷ್ಟೇ. 14 ಸಾವಿರ ಉಳಿಯಿತು. ಆ ದಿನ ನನಗೆ ನಾನೇ ದೊಡ್ಡ ಮೆಕ್ಯಾನಿಕ್ ಅನ್ನಿಸಿತ್ತು.

ಆ ಜಂಬ ಇಳಿದದ್ದು ಆಯುಧಪೂಜೆಗೆ.

ಈ ಧಂದೆಯಲ್ಲಿ ಇರುವವರಿಗೆ ಗೊತ್ತು, ಪೂಜೆಯ ಹಿಂದಿನ ಎರಡು ದಿನ ಇಡೀ ತಿಂಗಳಿನ ದುಡಿಮೆಗೆ ಸಮ. ಬೆಳಿಗ್ಗೆ ಐದಕ್ಕೇ ಹನ್ನೊಂದು ಗಾಡಿ ಸಾಲಿನಲ್ಲಿ ನಿಂತಿದ್ದವು. ಮೆಷಿನ್ ಹಾಕಿದರೆ ಗನ್ನಿನಲ್ಲಿ ಜೋರೇ ಇಲ್ಲ. ಒಮ್ಮೆ ಬುಸ್ ಎಂದು ಹಬೆ ಉಗುಳುತ್ತದೆ, ಒಮ್ಮೆ ತಣ್ಣೀರು, ಬರ್ನರ್ ಹತ್ತುತ್ತದೆ ಆರುತ್ತದೆ, ಹತ್ತುತ್ತದೆ ಆರುತ್ತದೆ. ಕೈಕಾಲು ಹಿಡಿದು ಸರ್ವಿಸ್ ಹುಡುಗನನ್ನು ಕರೆಸಿದೆ. ಅವನು ಗನ್ ಒಂದು ಸಲ ಒತ್ತಿ ನೋಡಿ, "ಅಣ್ಣ, ಪಂಪ್ ಸೀಲ್ ಹೋಗಿದಾವೆ" ಎಂದ. ಸೀಲ್ ಅಂದರೆ ಪಂಪಿನೊಳಗೆ ನೀರು ಸೋರದಂತೆ ತಡೆಯುವ ರಿಂಗುಗಳು. ಪಂಪ್ ಬಿಚ್ಚಿದ, ಸೀಲ್ ಕಿಟ್ ಹಾಕಿದ, 6,500 ಕಿಟ್ಟಿಗೆ, ಬಂದು ಹೋದದ್ದಕ್ಕೆ 1,500. ಸ್ಟಾರ್ಟ್ ಮಾಡಿದರೆ ಮೊದಲಿನ ಹಾಗೇ. ಇನ್ನೊಂದು ಕಡೆ ಕಾಲ್ ಇದೆ, ಹಬ್ಬ ಆದಮೇಲೆ ಬರ್ತೀನಿ ಅಂತ ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಆ ಎರಡು ದಿನ ಮತ್ತೆ ಡೀಸೆಲ್ಲು, ಬ್ರಷ್ಷು. ನಾಲ್ಕು ಗಾಡಿಯವರು ಕಾದು ಕಾದು ಬೇರೆ ಕಡೆ ಹೋದರು. ಕುಂಬಳಕಾಯಿ ಒಡೆಯುವಾಗ ಈ ಮೆಷಿನ್ನಿಗೆ ಕುಂಕುಮ ಇಡಲೂ ನನಗೆ ಮನಸ್ಸಿರಲಿಲ್ಲ. ಹುಡುಗರೇ ಇಟ್ಟರು.

ಹಬ್ಬ ಮುಗಿದ ಮೇಲೆ ಸುಮ್ನೆ ಮೆಷಿನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಾಗ ಕಣ್ಣಿಗೆ ಬಿದ್ದದ್ದು ಪ್ರೆಷರ್ ಮೀಟರ್. ಗನ್ನಿನಲ್ಲಿ ಜೋರಿಲ್ಲ, ಮೀಟರ್ ಮಾತ್ರ 220 ತೋರಿಸುತ್ತಿದೆ. ಪಂಪ್ ಸೀಲ್ ಹೋಗಿದ್ದರೆ ಮೀಟರ್ ಕೆಳಗೆ ಇಳಿಯಬೇಕಲ್ಲ? ಮೀಟರ್ ಇರುವುದು ಪಂಪಿನ ಮೇಲೆ. ಪಂಪಿನಿಂದ ನೀರು ಬರ್ನರ್ ಒಳಗಿನ ಕಾಯಿಲ್, ಅಂದರೆ ನೀರು ಕಾಯುವ ಸುರುಳಿ ಕೊಳವೆ, ಸುತ್ತಿ, ಆಮೇಲೆ ಪೈಪಿಗೆ, ಆಮೇಲೆ ಗನ್ನಿಗೆ. ಹಿಂದೆ ಜೋರು, ಮುಂದೆ ಇಲ್ಲ ಅಂದರೆ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಇದನ್ನು ಆ ಹುಡುಗ ಒಂದು ಸಲ ಮೀಟರ್ ಕಡೆ ತಿರುಗಿ ನೋಡಿದ್ದರೆ ಹೇಳಬಹುದಿತ್ತು. ನಾನೂ ನೋಡಬಹುದಿತ್ತು ಬಿಡಿ.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಬರ್ನರ್ ಆಫ್ ಮಾಡಿ, ಮೋಟಾರ್ ನಿಲ್ಲಿಸಿ, ಗನ್ ಒತ್ತಿ ಪ್ರೆಷರ್ ಇಳಿಸಿ, ಆಮೇಲೆ ತುದಿಯ ನಾಝಲ್ ಬಿಚ್ಚಿ. ಈಗ ಬರೀ ತಣ್ಣೀರು ಬಿಡಿ. ಎದುರಿಗೆ ತಡೆಯೇ ಇಲ್ಲದ ಮೇಲೆ ಮೀಟರ್ ಮುಳ್ಳು ಸೊನ್ನೆಯ ಹತ್ತಿರ ಇರಬೇಕು. ನನ್ನದು 70 ತೋರಿಸಿತು. ಪೈಪನ್ನೂ ಬಿಚ್ಚಿ ನೋಡಿದೆ, ಆಗಲೂ ಅಷ್ಟೇ ತೋರಿಸಿತು. ಉಳಿದದ್ದು ಕಾಯಿಲ್ ಒಂದೇ. ಅದರ ಬಾಯಿಗೆ ಸ್ಕ್ರೂ ಡ್ರೈವರ್ ಹಾಕಿ ಕೆರೆದರೆ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚಕ್ಕೆಗಳು ಉದುರಿದವು.

ಒಂದೆರಡು ಚಕ್ಕೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಮ್ಮ ಕೈಯಲ್ಲಿ ಹಿಡಿದು ನೋಡಿ, "ಇದು ನಮ್ಮ ಹಂಡೆ ತಳದ್ದೇ ಅಲ್ವೇನೋ" ಎಂದಳು. ಬಚ್ಚಲ ಹಂಡೆಯಲ್ಲಿ ವರ್ಷಗಟ್ಟಲೆ ನೀರು ಕಾಯಿಸಿದರೆ ಬೆರಳು ದಪ್ಪ ಬಿಳಿ ಕಲ್ಲು ಕಟ್ಟುತ್ತದಲ್ಲ, ಅದೇ. "ಹುಳಿಗೆ ಬಿಡುತ್ತೆ ತಗೋ" ಎಂದು ಅರ್ಧ ನಿಂಬೆಹಣ್ಣು ಹಿಂಡಿದಳು. ಚಕ್ಕೆ ಜುಯ್ ಎಂದು ನೊರೆ ಬಿಟ್ಟಿತು. ಎಂಟು ಸಾವಿರ ಕೊಟ್ಟು ಕರೆಸಿದವನು ಹೇಳದೇ ಇದ್ದದ್ದು ಅಡುಗೆಮನೆಯಲ್ಲಿ ಎರಡು ನಿಮಿಷಕ್ಕೆ ಗೊತ್ತಾಯ್ತು. ನಗಬೇಕೋ ಅಳಬೇಕೋ.

ಆಮೇಲೆ ನೀರು ಟೆಸ್ಟ್ ಮಾಡಿಸಿದೆ. ಇಲ್ಲೊಂದು ಮಾತು. ಎಲ್ಲರ ಜೇಬಿನಲ್ಲೂ ಈಗ ಟಿಡಿಎಸ್ ಪೆನ್ ಇರುತ್ತದೆ, ಅದು ನೀರಿನಲ್ಲಿ ಕರಗಿದ್ದೆಲ್ಲ ಒಟ್ಟು ಎಷ್ಟು ಎಂದು ತೋರಿಸುತ್ತದೆ, ಗಡಸುತನ ಹೇಳುವುದಿಲ್ಲ. ಹಾರ್ಡ್‌ನೆಸ್ ಬೇರೆಯಾಗಿ ನೋಡಬೇಕು, ಹನಿ ಹಾಕಿ ಬಣ್ಣ ತಿರುಗುವ ಕಿಟ್ ಬರುತ್ತದೆ. ಕುಡಿಯುವ ನೀರಿಗೇ ಬಿಐಎಸ್ (ಐಎಸ್‌ಐ ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆ) ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ನಮ್ಮ ಬೋರು 580. ಲೆಕ್ಕ ಹಾಕಿ ನೋಡಿ. ಗಂಟೆಗೆ 900 ಲೀಟರ್ ಹೋದರೆ ಅರ್ಧ ಕೆಜಿಗೂ ಜಾಸ್ತಿ ಸುಣ್ಣ ಆ ಕಾಯಿಲ್ ದಾಟಿ ಹೋಗುತ್ತದೆ. ಎಲ್ಲವೂ ಕೂರುವುದಿಲ್ಲ, ಆದರೆ ನೀರು ಬಿಸಿಯಾದಷ್ಟೂ ಕೂರುವುದು ಜಾಸ್ತಿ. ನಾವೋ, ಬಿಸಿ ಜಾಸ್ತಿ ಇದ್ದರೆ ಕ್ಲೀನ್ ಜಾಸ್ತಿ ಎಂದು ಥರ್ಮೋಸ್ಟಾಟ್ 90ಕ್ಕೆ ತಿರುಗಿಸಿ ಇಟ್ಟಿದ್ದೆವು. ಕಲ್ಲು ನಾವೇ ಬೇಯಿಸಿ ಕೂರಿಸಿದ ಹಾಗೆ.

ಕಾಯಿಲ್ ತೊಳೆದದ್ದು ಹೀಗೆ. ದಾವಣಗೆರೆಯಲ್ಲಿ ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಳ್ಳುವ ಪರಿಚಯದವರೊಬ್ಬರನ್ನು ಕೇಳಿದೆ. ಟಾಯ್ಲೆಟ್ಟಿಗೆ ಹಾಕುವ ಆಸಿಡ್ ಮುಟ್ಟಬೇಡ, ಕಬ್ಬಿಣವನ್ನೇ ತಿನ್ನುತ್ತದೆ, ಸಲ್ಫಾಮಿಕ್ ಆಸಿಡ್ ಪುಡಿ ತಗೋ ಎಂದರು. 50 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿಗೆ 4 ಕೆಜಿ ಪುಡಿ. ಇದನ್ನು ಮೆಷಿನ್ನಿನ ಪಂಪಿನಿಂದ ಹಾಯಿಸಬಾರದು. ಹಾಗಾಗಿ ತೋಟಕ್ಕೆ ಔಷಧಿ ಹೊಡೆಯುವ ಹಳೇ ಬ್ಯಾಟರಿ ಸ್ಪ್ರೇಯರಿನ ಪುಟ್ಟ ಪಂಪ್ ಬಿಚ್ಚಿ, ಕಾಯಿಲಿನ ಒಂದು ಬಾಯಿಗೆ ಅದರ ಪೈಪು, ಇನ್ನೊಂದು ಬಾಯಿಂದ ವಾಪಸ್ ಡ್ರಮ್ಮಿಗೆ ಪೈಪು ಕೊಟ್ಟೆ. ಬರ್ನರ್ ಕನೆಕ್ಷನ್ ತೆಗೆದಿದ್ದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಬಯಲಿನಲ್ಲಿ. ಮೊದಲ ಅರ್ಧ ಗಂಟೆ ಬರೀ ನೊರೆ, ಹಾಲು ಉಕ್ಕಿದ ಹಾಗೆ. ಆಮೇಲೆ ನೀರು ಕಂದು ಬಣ್ಣಕ್ಕೆ ತಿರುಗಿ ಗುಳ್ಳೆ ಕಮ್ಮಿಯಾಗುತ್ತಾ ಬಂತು. ಮೂರು ಗಂಟೆಗೆ ಗುಳ್ಳೆ ನಿಂತಿತು. ಅಲ್ಲಿಗೆ ನಿಲ್ಲಿಸಬೇಕು, ಇನ್ನೂ ಸ್ವಲ್ಪ ಇರಲಿ ಅಂದರೆ ಕಾಯಿಲಿಗೇ ಕೈ ಹಾಕುತ್ತದೆ. ಕೊನೆಗೆ ವಾಷಿಂಗ್ ಸೋಡಾ ನೀರು, ಆಮೇಲೆ ಬರೀ ನೀರು.

ನಾಝಲ್ ಇಲ್ಲದೆ ಮತ್ತೆ ನೋಡಿದಾಗ ಮೀಟರ್ 15. ನಾಝಲ್ ಹಾಕಿ ಬರ್ನರ್ ಹೊತ್ತಿಸಿದೆ. ಗನ್ ಒತ್ತಿದ ಕೂಡಲೇ ಹಿಂದಕ್ಕೆ ತಳ್ಳಿತು. ಆ ತಳ್ಳು ಮರೆತೇಹೋಗಿತ್ತು ನನಗೆ. ಅದು ದಿನಾ ಸ್ವಲ್ಪ ಸ್ವಲ್ಪವೇ ಕಮ್ಮಿಯಾಗುತ್ತಾ ಬಂದಿತ್ತು, ನಮಗೆ ಗೊತ್ತೇ ಆಗಿರಲಿಲ್ಲ. ಎಷ್ಟು ತಿಂಗಳು ಹಾಗೇ ಡೀಸೆಲ್ ಸುಟ್ಟೆವೋ.

ಈಗ ನೀರಿನ ಗಡಸುತನ ತೆಗೆಯುವ ಒಂದು ಸಾಫ್ಟ್‌ನರ್ ಹಾಕಿಸಿದ್ದೇನೆ, 18 ಸಾವಿರ ಆಯ್ತು. ಒಳಗೆ 25 ಲೀಟರ್ ರೆಸಿನ್, ಅಂದರೆ ಸುಣ್ಣ ಹಿಡಿದುಕೊಳ್ಳುವ ಸಣ್ಣ ಕಾಳುಗಳು. ನಮ್ಮ ನೀರಿಗೆ ಸುಮಾರು ಎರಡು ಸಾವಿರ ಲೀಟರ್ ಆದ ಕೂಡಲೇ ಸುಸ್ತಾಗುತ್ತದೆ, 4 ಕೆಜಿ ಉಪ್ಪು ಕರಗಿಸಿ ಹಾಯಿಸಿದರೆ ಮತ್ತೆ ಎದ್ದು ಕೂರುತ್ತದೆ. ತಿಂಗಳಿಗೆ ಹೆಚ್ಚೂಕಮ್ಮಿ 50 ಕೆಜಿಯ ಒಂದು ಚೀಲ. ಅಂಗಡಿಯವನು ಉಪ್ಪಿನಕಾಯಿ ಬಿಸಿನೆಸ್ ಶುರು ಮಾಡಿದ್ರಾ ಎಂದು ಕೇಳಿದ. ಎಲ್ಲಾ ನೀರನ್ನೂ ಅದರಲ್ಲಿ ಹಾಯಿಸುವುದಿಲ್ಲ, ಬಿಸಿ ಮಾಡುವ ನೀರು ಮಾತ್ರ. ಆ ಉಪ್ಪುನೀರನ್ನು ಎಲ್ಲಿ ಬಿಡುತ್ತೀರಿ ನೋಡಿಕೊಳ್ಳಿ, ನಮ್ಮ ದಾಸವಾಳದ ಗಿಡ ಒಣಗಿಹೋಯ್ತು.

ಥರ್ಮೋಸ್ಟಾಟ್ ಈಗ 65. ಗ್ರೀಸ್ ಮೆತ್ತಗಾಗಿ ಬಿಡಲು ಅಷ್ಟು ಸಾಕು. ನಂಬಿಕೆ ಬರದಿದ್ದರೆ ಗ್ರೀಸ್ ಮೆತ್ತಿದ ಒಂದು ಭಾಗಕ್ಕೆ 90ರಲ್ಲಿ, ಇನ್ನೊಂದಕ್ಕೆ 65ರಲ್ಲಿ ಹೊಡೆದು ನೋಡಿ.

ನಿಜ ಹೇಳಬೇಕೆಂದರೆ ಆಮೇಲೆಯೇ ಈ ಮೆಷಿನ್ ಮೇಲೆ ಪ್ರೀತಿ ಬಂದದ್ದು. ಬೆಳಿಗ್ಗೆ ಆರೂವರೆಗೆ ಶೆಡ್ ತೆಗೆದವನು ಮೊದಲು ನೀರು ಬರುವ ಕಡೆಯ ಫಿಲ್ಟರ್ ಬಟ್ಟಲು ಬಿಚ್ಚಿ ಮರಳು ಉದುರಿಸುತ್ತೇನೆ. ಪಂಪಿನ ಆಯಿಲ್ ಕಿಟಕಿಗೆ ಟಾರ್ಚ್ ಬಿಡುತ್ತೇನೆ. ಜೇನುತುಪ್ಪದ ಬಣ್ಣ ಇದ್ದರೆ ಸರಿ, ಹಾಲು ಬೆರೆಸಿದ ಟೀ ಥರ ಆಗಿದ್ದರೆ ಒಳಗೆ ನೀರು ಸೇರಿದೆ, ಓಡಿಸಬಾರದು. ಸೋಮವಾರ ಫೋಟೋ ಸೆಲ್ ಒರೆಸುವ ದಿನ. ಆಮೇಲೆ ಮೊದಲು ತಣ್ಣೀರು ಬಿಟ್ಟು, ಗಾಳಿಯೆಲ್ಲ ಹೋಗಿ ಪೈಪು ಕುಣಿಯುವುದು ನಿಂತ ಮೇಲೆ ಬರ್ನರ್. ಫ್ಯಾನಿನ ಹೂಂಕಾರ, ಟರ್ ಎನ್ನುವ ಕಿಡಿ, ಆಮೇಲೆ ಭಗ್. ಆ ಭಗ್ ಒಂದು ಸೆಕೆಂಡ್ ತಡವಾದರೂ ಈಗ ಕಿವಿಗೆ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಹುಡುಗರು ಚಿಮಣಿ ಪಕ್ಕ ನಿಂತು ಕೈ ಕಾಯಿಸಿಕೊಳ್ಳುತ್ತಾರೆ, ಹುಣ್ಣಿಲ್ಲದ ಕೈ.

ಸಂಜೆಯದ್ದು ಇನ್ನೂ ಮುಖ್ಯ. ಬರ್ನರ್ ಆಫ್ ಮಾಡಿ ಎರಡು ಮೂರು ನಿಮಿಷ, ಗನ್ನಿನಲ್ಲಿ ಕೈಗೆ ತಣ್ಣಗೆ ಬರುವವರೆಗೆ ನೀರು ಹೊಡೆಯಬೇಕು. ಆಮೇಲೆ ಮೋಟಾರ್ ಆಫ್, ಆಮೇಲೆ ಗನ್ ಒತ್ತಿ ಪ್ರೆಷರ್ ಇಳಿಸಬೇಕು. ಬಿಸಿಯಲ್ಲೇ ನಿಲ್ಲಿಸಿದರೆ ಕಾಯಿಲಿನಲ್ಲಿ ನಿಂತ ನೀರು ಅಲ್ಲೇ ಕುದ್ದು ಕಲ್ಲು ಕಟ್ಟುತ್ತದೆ. ಮನೆಗೆ ಹೋಗುವ ಅವಸರದಲ್ಲಿ ನಾವು ಎರಡು ವರ್ಷ ಇದನ್ನೇ ಮಾಡಿದ್ದು. ಇಂಗ್ಲಿಷ್ ಪುಸ್ತಕದ ಮೂವತ್ತನೇ ಪುಟದಲ್ಲಿ ಎಲ್ಲೋ ಬರೆದಿದೆಯಂತೆ. ಮೂರು ಲಕ್ಷದ ಸಾಮಾನಿನ ಮೇಲೆ ಕನ್ನಡದಲ್ಲಿ ಎರಡು ಸಾಲಿನ ಸ್ಟಿಕ್ಕರ್ ಅಂಟಿಸಲು ಇವರಿಗೇನು ಕಷ್ಟ? ಒಂದೂವರೆ ಸ್ಟಾರ್ ಕಳೆದದ್ದು ಇದಕ್ಕೇ, ಮತ್ತೆ ಆ ಸೀಲ್ ಕಿಟ್ಟಿಗೆ.

ಬೈಕು ಕಾರು ಮಾತ್ರ ತೊಳೆಯುವವರು ಇದನ್ನು ತರಬೇಡಿ, ತಣ್ಣೀರಿನದ್ದೇ ಸಾಕು. ಗ್ರೀಸಿನ ಗಾಡಿ ದಿನಕ್ಕೆ ಮೂರು ನಾಲ್ಕಾದರೂ ಬರುತ್ತವೆ ಅನ್ನುವವರು ತನ್ನಿ, ಆದರೆ ಮೆಷಿನ್ ಬುಕ್ ಮಾಡುವ ಮೊದಲು ನೀರು ಟೆಸ್ಟ್ ಮಾಡಿಸಿ, ಸಾಫ್ಟ್‌ನರ್ ದುಡ್ಡನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ.

ನಿನ್ನೆಯಿಂದ ಪಂಪಿನ ಕೆಳಗೆ ಹನಿ ಬೀಳುತ್ತಿದೆ. ಎಲ್ಲಿಂದ ಎಂದು ಕೈ ಹಾಕಿ ಹುಡುಕಬೇಡಿ, ಆ ಪ್ರೆಷರ್‌ನಲ್ಲಿ ಕೂದಲೆಳೆಯಷ್ಟು ಧಾರೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟು ಹಿಡಿದು ನೋಡಿದೆ. ಈ ಸಲ ನಿಜವಾಗಿಯೂ ಸೀಲೇ. ಕಿಟ್ ಆರ್ಡರ್ ಹಾಕಿದ್ದೇನೆ, ಗುರುವಾರ ಬರುತ್ತದಂತೆ. ನಾನೇ ಹಾಕುತ್ತೇನೆ.