ಆರ್‌ಎಕ್ಸ್ ಗಾಡಿಯ ಕಂಪನಿ ಸಿಡಿಐಯನ್ನು ‘ರೀಮ್ಯಾಪ್’ಗೆ ಕಳಿಸಬೇಡಿ

ನಿಮ್ಮ ಹತ್ತಿರ ಯಮಹಾ ಆರ್‌ಎಕ್ಸ್ 100 ಅಥವಾ ಅದೇ ಕಾಲದ ಬೇರೆ ಜಪಾನೀ ಟೂ ಸ್ಟ್ರೋಕ್ ಗಾಡಿ ಇದ್ದು, ಕಂಪನಿ ಸಿಡಿಐ (ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಇನ್ನೂ ಅದರಲ್ಲೇ ಇದ್ದರೆ ಅದನ್ನು ಯಾರ ಕೈಗೂ ಕೊಡಬೇಡಿ. “ಡಬ್ಬಿ ಕೊರಿಯರ್ ಮಾಡಿ, ಒಳಗಿನ ಪ್ರೋಗ್ರಾಂ ಓದಿ, ಲಿಮಿಟ್ ತೆಗೆದು, ರೀಮ್ಯಾಪ್ ಮಾಡಿ ಕಳಿಸ್ತೇವೆ” ಅನ್ನುವವರು ಈಗ ಫೋನಿನಲ್ಲೇ ಸಿಗುತ್ತಾರೆ. ಓಡುವಾಗ ಗಾಡಿ ಆಗಾಗ ಕಿಡಿ ತಪ್ಪಿ ಮುಗ್ಗರಿಸುತ್ತದೆ, ಅಂದರೆ ಮಿಸ್ಸಿಂಗ್ ಇದೆ ಎಂದು ಅಂಕೋಲೆಯಲ್ಲಿರುವ ನಮ್ಮ ಭಾವ ಅಂಥ ಒಬ್ಬನಿಗೆ ಡಬ್ಬಿ ಕಳಿಸಿದರು. ಡಬ್ಬಿ ವಾಪಸ್ ಬಂತು, ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಪಿಕಪ್ ಕೂಡ ಹೆಚ್ಚಿದ ಹಾಗೆ ಅನಿಸಿತು. ಯಲ್ಲಾಪುರಕ್ಕೆಂದು ಹೊರಟವರಿಗೆ ಅರಬೈಲ್ ಘಟ್ಟದ ಏರಿನಲ್ಲಿ ಪಿಸ್ಟನ್ ತೂತಾಯಿತು. ಹಿಂದೆ ಲಾರಿಗಳ ಸಾಲು. ಕರಗಿದ ಅಲ್ಯೂಮಿನಿಯಂ ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಮೆತ್ತಿಕೊಂಡು ಇಂಜಿನ್ ಹಿಡಿಯತೊಡಗಿದಾಗ ಅವರ ಕೈ ತಾನಾಗಿ ಕ್ಲಚ್ಚಿಗೆ ಹೋಯಿತು. ಹೋಗದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಏನಾಗುತ್ತಿತ್ತು ಅನ್ನುವುದನ್ನು ಟೂ ಸ್ಟ್ರೋಕ್ ಓಡಿಸಿದವರಿಗೆ ಹೇಳಬೇಕಾಗಿಲ್ಲ.

ನಾನು ಕಾರವಾರದಲ್ಲಿ ಯುಪಿಎಸ್, ಟಿವಿ ಬೋರ್ಡ್ ರಿಪೇರಿ ಮಾಡುವವನು. ಗಾಡಿ ಮೆಕ್ಯಾನಿಕ್ ಅಲ್ಲ. ಆದರೆ ಆ ಡಬ್ಬಿಯ ಒಳಗೆ ಇರುವುದು ನನ್ನ ಕಸುಬಿನ ಸಾಮಾನೇ, ಹಾಗಾಗಿ ಭಾವ ಅದನ್ನು ನನ್ನ ಟೇಬಲ್ ಮೇಲೆ ತಂದಿಟ್ಟು, “ಎಂತ ಮಾಡಿದಾನೆ ನೋಡು ಮಾರಾಯಾ” ಅಂದರು.

ಮೊದಲು ಆ ‘ಪ್ರೋಗ್ರಾಂ’ ವಿಷಯ. ಆರ್‌ಎಕ್ಸ್ 100 ನಮ್ಮಲ್ಲಿ 1985ರಲ್ಲಿ ಬಂದ ಗಾಡಿ, 1996ಕ್ಕೆ ನಿಂತಿತು. ಇಂಥ ಸಣ್ಣ ಗಾಡಿಗಳ ಸಿಡಿಐ ಅಂದರೆ ಒಂದು ಡಯೋಡ್, ಸುಮಾರು 1 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್, ಒಂದು ಎಸ್‌ಸಿಆರ್ (ಎಲೆಕ್ಟ್ರಾನಿಕ್ ಸ್ವಿಚ್), ನಾಲ್ಕಾರು ರೆಸಿಸ್ಟರುಗಳು. ಮ್ಯಾಗ್ನೆಟ್ಟಿನ ಸೋರ್ಸ್ ಕಾಯಿಲ್‌ನಿಂದ ಬರುವ ಎಸಿ ಕರೆಂಟು ಡಯೋಡ್ ಮೂಲಕ ಹೋಗಿ ಕೆಪ್ಯಾಸಿಟರನ್ನು ಇನ್ನೂರು ವೋಲ್ಟಿನ ಆಸುಪಾಸಿಗೆ ತುಂಬುತ್ತದೆ. ಕಿಡಿಯ ಹೊತ್ತಾಯಿತೆಂದು ತಿಳಿಸುವ ಪಿಕಪ್ ಕಾಯಿಲ್ ಸಿಗ್ನಲ್ ಕೊಟ್ಟ ಕೂಡಲೇ ಎಸ್‌ಸಿಆರ್ ತೆರೆದುಕೊಳ್ಳುತ್ತದೆ, ತುಂಬಿದ್ದೆಲ್ಲ ಒಮ್ಮೆಲೇ ಇಗ್ನಿಷನ್ ಕಾಯಿಲ್ಲಿಗೆ ಸುರಿಯುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅಷ್ಟೇ ಕತೆ. ಓದಲು ಇದರಲ್ಲಿ ಚಿಪ್ಪಿಲ್ಲ, ತಿದ್ದಲು ಮ್ಯಾಪ್ (ಯಾವ ಸ್ಪೀಡಿಗೆ ಕಿಡಿ ಯಾವಾಗ ಎಂಬ ಪಟ್ಟಿ) ಇಲ್ಲ. ಇಲ್ಲದ ಪ್ರೋಗ್ರಾಂ ಬದಲಾಯಿಸಲು ದುಡ್ಡು ಕೇಳುವವನ ಬಗ್ಗೆ ಇನ್ನು ಹೆಚ್ಚು ಹೇಳುವುದೇನು?

ಹಾಗಾದರೆ ವಾಪಸ್ ಬಂದ ಡಬ್ಬಿಯಲ್ಲಿ ಏನಿತ್ತು? ಹೊರಗಿನ ಕವಚ ಭಾವನದ್ದೇ, ಅದರ ಮೇಲಿದ್ದ ಹಳೇ ಗೀರು ಕೂಡ ಹಾಗೇ ಇತ್ತು. ತಳದ ಕಪ್ಪು ಎಪಾಕ್ಸಿ (ಗಟ್ಟಿಯಾಗುವ ಅಂಟು) ಮಾತ್ರ ಹೊಸತು, ಹೊಳೆಯುತ್ತಿತ್ತು. ಹೀಟ್ ಗನ್‌ನಿಂದ ಬಿಸಿ ಮಾಡಿ, ಮೆತ್ತಗಾದಷ್ಟನ್ನೇ ಬಿದಿರಿನ ಕಡ್ಡಿಯಲ್ಲಿ ಕೆರೆಯುತ್ತ ಹೋದೆ. ಬೇಸರದ ಕೆಲಸ, ಅವಸರ ಮಾಡಿದರೆ ಎಪಾಕ್ಸಿಯ ಜೊತೆ ಬಿಡಿಭಾಗಗಳೂ ಕಿತ್ತುಬರುತ್ತವೆ. ಒಳಗಿದ್ದದ್ದು ಬೇರೆಯದೇ ಬೋರ್ಡು. ಸಣ್ಣ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ತುಂಬಿದ ಚಿಪ್ಪು) ಇರುವ ಅಗ್ಗದ ಮಾಲು, ಅದನ್ನು ತುರುಕಲೆಂದು ಒಂದು ಮೂಲೆಯನ್ನು ಉಜ್ಜಿ ಸಣ್ಣದು ಮಾಡಿದ್ದರು. ಚಿಪ್ಪಿನ ಮೇಲಿನ ನಂಬರನ್ನೂ ಕೆರೆದಿದ್ದರು.

ಚಿಪ್ಪಿನೊಳಗೆ ಏನಿದೆ ಎಂದು ಓದಲಾಗದಿದ್ದರೂ ಅದು ಏನು ಮಾಡುತ್ತದೆ ಎಂದು ಅಳೆಯಬಹುದು. ಪಿಕಪ್ ಕಾಯಿಲ್ಲಿನ ಬದಲು ಸಿಗ್ನಲ್ ಜನರೇಟರಿನಿಂದ ಪಲ್ಸ್ ಕೊಟ್ಟು, ಕಿಡಿ ಯಾವಾಗ ಬೀಳುತ್ತದೆ ಎಂದು ಆಸಿಲೋಸ್ಕೋಪಿನಲ್ಲಿ ನೋಡಿದೆ. 6000 ಆರ್‌ಪಿಎಂ ಅಂದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡು, ಒಂದು ಡಿಗ್ರಿಗೆ ಸುಮಾರು 28 ಮೈಕ್ರೋಸೆಕೆಂಡು. ಆ ಲೆಕ್ಕದಲ್ಲಿ ಬರೆದುಕೊಂಡು ಹೋದರೆ ಸ್ಪೀಡ್ ಏರಿದಂತೆಲ್ಲ ಟೈಮಿಂಗ್ ಮುಂದೆ ಮುಂದೆ ಓಡುತ್ತಿತ್ತು, ಅಂದರೆ ಕಿಡಿ ಹೆಚ್ಚು ಹೆಚ್ಚು ಮೊದಲೇ ಬೀಳುತ್ತಿತ್ತು. ಇದು ಫೋರ್ ಸ್ಟ್ರೋಕ್ ಗಾಡಿಗೆ ಹೊಂದುವ ನಡೆ. ನಮ್ಮ ಸಣ್ಣ ಟೂ ಸ್ಟ್ರೋಕಿಗೆ ಟೈಮಿಂಗ್ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲಬೇಕು; ಮೇಲಿನ ಆರ್‌ಪಿಎಂನಲ್ಲಿ ತುಸು ಹಿಂದೆ ಸರಿದರೂ ನಡೆಯುತ್ತದೆ, ಹೀಗೆ ಮುಂದೆ ಓಡಬಾರದು. ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಊರೊಳಗೆ ಓಡಿಸುವಾಗಲೂ ಇಲ್ಲ. ಘಟ್ಟದಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ ನಿಮಿಷಗಟ್ಟಲೆ ಹತ್ತಿದಾಗ ಪಿಸ್ಟನ್ ಮೇಲೆ ಬರುತ್ತಿರುವಾಗ ಬೀಳಬೇಕಾದ ಹೊತ್ತಿಗಿಂತ ತೀರಾ ಮೊದಲೇ ಕಿಡಿ ಬಿದ್ದು, ನಾಕಿಂಗ್ (ಮಿಕ್ಸ್ಚರ್ ಸಿಡಿದು ಬಡಿಯುವುದು) ಶುರುವಾಗಿ, ಶಾಖ ಎಲ್ಲ ಪಿಸ್ಟನ್ನಿನ ತಲೆಗೆ ಇಳಿಯುತ್ತದೆ.

ದೂರು ಕೊಟ್ಟಾಗ ಆ ಮನುಷ್ಯ ಹೇಳಿದ್ದು, “ಟೂಟಿ ಆಯಿಲ್ ಕಮ್ಮಿ ಆಗಿರಬೇಕು ಸರ್.” ಪೆಟ್ರೋಲಿಗೆ ಬೆರೆಸುವ ಆ ಆಯಿಲ್ ಕಮ್ಮಿಯಾಗಿ ಹಿಡಿದ ಪಿಸ್ಟನ್ನಿನ ಪಕ್ಕಗಳಲ್ಲಿ ಉದ್ದುದ್ದ ಗೀರುಗಳು ಎದ್ದು ಕಾಣುತ್ತವೆ. ಇದರಲ್ಲಿ ತಲೆಯ ಅಂಚೇ ಗೆದ್ದಲು ತಿಂದ ಮರದಂತೆ ಕೊರೆದುಹೋಗಿತ್ತು. ಗಾಳಿ ಲೀಕ್ ಆಗಿ ಮಿಕ್ಸ್ಚರ್ ತೆಳುವಾದರೂ ಪಿಸ್ಟನ್ ತೂತಾಗುತ್ತದೆ ಎನ್ನುವುದು ನಿಜ. ಅದಕ್ಕೇ ಮೆಕ್ಯಾನಿಕ್ ಕೈಯಲ್ಲಿ ಕ್ರ್ಯಾಂಕ್ ಸೀಲು, ಕಾರ್ಬೊರೇಟರ್ ರಬ್ಬರು ಎಲ್ಲ ನೋಡಿಸಿದೆವು. ಸರಿಯಾಗಿಯೇ ಇದ್ದವು. ಹಳೇ ಬೋರ್ಡನ್ನಾದರೂ ಕಳಿಸು ಎಂದರೆ “ಎಪಾಕ್ಸಿ ತೆಗೆಯುವಾಗ ಹಾಳಾಯ್ತು, ಬಿಸಾಡಿದೆ” ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ನನಗೆ ಸಿಟ್ಟು ಬಂದದ್ದು ಇದಕ್ಕಿಂತ ಮುಂದಿನದಕ್ಕೆ. ಬೋರಿಂಗ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಗೆಳೆಯನ ಗಾಡಿಯ ಒಳ್ಳೆಯ ಸಿಡಿಐ ತಂದು ಕೂರಿಸಿದರೆ ಮೊದಲಿದ್ದ ಮಿಸ್ಸಿಂಗ್ ಮತ್ತೆ ಬಂತು! ಭಾವ ಡಬ್ಬಿ ಕಳಿಸಿದ್ದೇ ಆ ಮಿಸ್ಸಿಂಗಿಗೆ. ಟ್ಯಾಂಕ್ ಎತ್ತಿ ನೋಡಿದರೆ ಇಗ್ನಿಷನ್ ಕಾಯಿಲ್ ಫ್ರೇಮಿಗೆ ಕೂರುವ ಜಾಗದಲ್ಲಿ, ಅರ್ಥಿಂಗ್ ವಯರಿನ ಬೋಲ್ಟಿನಡಿ, ತುಕ್ಕು ಮತ್ತು ಹಸಿರು ಕಿಲುಬು. ಸಮುದ್ರದ ಬದಿ, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಇಲ್ಲಿನ ಗಾಡಿಗಳಿಗೆ ಇದು ಮಾಮೂಲಿ ರೋಗ. ಪಾಲೀಶ್ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದ ಮೇಲೆ ಮಿಸ್ಸಿಂಗ್ ಮಾಯ. ಅಂದರೆ ಭಾವನ ಕಂಪನಿ ಡಬ್ಬಿಗೆ ಏನೂ ಆಗಿರಲಿಲ್ಲ.

ಹಾಗಾಗಿ ಮಿಸ್ಸಿಂಗ್ ಬಂದರೆ ಮೊದಲು ಅರ್ಥಿಂಗ್, ಕನೆಕ್ಟರು, ಪ್ಲಗ್ ಕ್ಯಾಪು ನೋಡಿಸಿ. ಗಾಡಿ ಬಿಸಿಯಾದ ಮೇಲೆ ಮಾತ್ರ ಕಿಡಿ ಹೋಗುತ್ತಿದ್ದರೆ ಸೋರ್ಸ್ ಕಾಯಿಲ್ ಮೇಲೆ ಸಂಶಯ ಇರಲಿ, ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಓಮ್ ಅಳೆದು ಹೋಲಿಸಿ. ಸಿಡಿಐ ಡಬ್ಬಿಯನ್ನು ಬರೀ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ “ಹೋಗಿದೆ” ಅನ್ನುವವರ ಮಾತು ನಂಬಬೇಡಿ. ಓಡುತ್ತಿರುವ ಇನ್ನೊಂದು ಅದೇ ಮಾಡೆಲ್ ಗಾಡಿಯಿಂದ ಬದಲಾಯಿಸಿ ನೋಡುವುದೇ ಸುಲಭದ ದಾರಿ.

ಸ್ವತಃ ಸರ್ಕ್ಯೂಟ್ ಮಾಡುವ ಹುಚ್ಚು ಇರುವವರಿಗೆ ನಾನು ಬೇಡ ಅನ್ನುವುದಿಲ್ಲ, ನನಗೂ ಇದೆ. ಹೊಸ ಬೋರ್ಡನ್ನು ಹೊಸ ಡಬ್ಬಿಯಲ್ಲೇ ಮಾಡಿ, ಕಂಪನಿಯದ್ದನ್ನು ಬಿಚ್ಚದೆ ಕಪಾಟಿನಲ್ಲಿಡಿ. ಗಾಡಿ ಆಫ್ ಆದ ಮೇಲೂ ಕೆಪ್ಯಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನಿಸದೆ ರೆಸಿಸ್ಟರ್ ಮೂಲಕ ಇಳಿಸಿ. ಎಸಿ ಸಿಡಿಐ ಬೇರೆ, ಬ್ಯಾಟರಿಯಿಂದ ನಡೆಯುವ ಡಿಸಿ ಸಿಡಿಐ ಬೇರೆ. ಕನೆಕ್ಟರ್ ಕೂತಿತು ಎಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬೇಡಿ.

ಈಗಾಗಲೇ ಇಂಥ ‘ರೀಮ್ಯಾಪ್’ ಡಬ್ಬಿ ಹಾಕಿಸಿಕೊಂಡವರು ದೇವಿಮನೆ ಘಟ್ಟವೋ ಅರಬೈಲೋ ಹತ್ತುವ ಮೊದಲು ಟೈಮಿಂಗ್ ಲೈಟ್ ಇರುವ ಗ್ಯಾರೇಜಿಗೆ ಹೋಗಿ. ಐಡಲ್‌ನಲ್ಲಿ ನೋಡಿ ಸುಮ್ಮನಾಗಬೇಡಿ, ಆಕ್ಸಿಲರೇಟರ್ ಏರಿಸಿ ನೋಡಲು ಹೇಳಿ. ಮ್ಯಾಗ್ನೆಟ್ಟಿನ ಗುರುತು ಮ್ಯಾನುವಲ್‌ನಲ್ಲಿ ಹೇಳಿದ ಜಾಗ ಬಿಟ್ಟು ಅಡ್ವಾನ್ಸ್ ಕಡೆಗೆ (ಕಿಡಿ ಬೇಗ ಬೀಳುವ ಕಡೆಗೆ) ಜಾರುತ್ತ ಹೋದರೆ ಆ ಡಬ್ಬಿಯನ್ನು ಅಲ್ಲೇ ಕಳಚಿ, ಗಾಡಿಯನ್ನು ಟೆಂಪೋದಲ್ಲಿ ಮನೆಗೆ ತನ್ನಿ.