ನಾರ್ನಿಯಾ ಏಳು ಪುಸ್ತಕಗಳ ಸೆಟ್: ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಯಲ್ಲಿ ಓದಿ ನೋಡಿದ್ದು

ಮಗಳಿಗೆ ಒಂಬತ್ತು ತುಂಬಿತು ಅಂತ ಸಿ. ಎಸ್. ಲೂಯಿಸ್ ಅವರ ಇಂಗ್ಲಿಷ್ ಮಕ್ಕಳ ಕಥೆಗಳ ನಾರ್ನಿಯಾ ಸೆಟ್ ತರಿಸಿದೆ. ಆನ್‌ಲೈನ್‌ನಲ್ಲಿ 1,450 ರೂಪಾಯಿ ಆಯಿತು. ಡಬ್ಬಿಯ ಒಂದು ಮೂಲೆ ಜಜ್ಜಿತ್ತು, ಒಳಗಿನ ಪುಸ್ತಕಗಳಿಗೆ ಏನೂ ಆಗಿರಲಿಲ್ಲ. ಅಕ್ಷರ ಸಣ್ಣವು. ಪಾಲಿನ್ ಬೇನ್ಸ್ ಬರೆದ ಚಿತ್ರಗಳಿವೆ, ಚೆನ್ನಾಗಿವೆ. ಸೆಟ್ಟಿನ ಬಗ್ಗೆ ಇಷ್ಟು ಸಾಕು. ಸಭೆಗೆ, ಅಂದರೆ ಚರ್ಚಿಗೆ ಹೋಗುವ ಮನೆಗಳಲ್ಲಿ ಮಾಟ ಮಂತ್ರ ಬರುವ ಇಂಥ ಪುಸ್ತಕ ಮಕ್ಕಳಿಗೆ ಕೊಡಬೇಕೋ ಬೇಡವೋ ಅನ್ನೋದು ದೊಡ್ಡ ಮಾತು. ನಾನು ಬರೆಯಲು ಕೂತದ್ದು ಅದಕ್ಕೆ.

ಆ ಭಾನುವಾರ ಆರಾಧನೆ ಮುಗಿಸಿ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಮ್ಮ ವೈನಿ (ಅತ್ತಿಗೆ) ಬಂದಿದ್ದರು. ಟೀಪಾಯಿ ಮೇಲಿದ್ದ 'ದಿ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್' ಪುಸ್ತಕದ ಹೆಸರಿನಲ್ಲೇ ಮಾಟಗಾತಿ ಇದ್ದಾಳೆ ಅಂತ ತಿಳಿದ ಕೂಡಲೇ, "ಮಕ್ಕಳ ಕೈಯಾಗ ಇದನ್ನ ಯಾಕ ಕೊಟ್ಟೀ ತಂಗಿ?" ಅಂದರು. ಬೈಬಲಿನ ಧರ್ಮೋಪದೇಶಕಾಂಡ 18 ತೆಗೆದು ಓದಿದರು. ಕಣಿ, ಮಾಟ, ಸತ್ತವರನ್ನು ವಿಚಾರಿಸುವುದು, ಎಲ್ಲ ದೇವರಿಗೆ ಅಸಹ್ಯ. ಎಫೆಸ ಪಟ್ಟಣದಲ್ಲಿ ಯೇಸುವನ್ನು ನಂಬಿದವರು ಐವತ್ತು ಸಾವಿರ ಬೆಳ್ಳಿ ನಾಣ್ಯ ಬೆಲೆಬಾಳುವ ಮಾಟದ ಪುಸ್ತಕಗಳನ್ನು ಸುಟ್ಟರಲ್ಲ, ಅದನ್ನೂ ನೆನಪಿಸಿದರು. ವೈನಿ ಸುಮ್ನೆ ಹೆದರಿಸುವವರಲ್ಲ. ಇಪ್ಪತ್ತು ವರ್ಷ ಸಂಡೇ ಸ್ಕೂಲ್ ಕಲಿಸಿದವರು. ಅದಕ್ಕೇ ಅವತ್ತು ಎದುರು ಮಾತಾಡಲಿಲ್ಲ. ಮೊದಲು ನಾನು ಓದಿ ನೋಡುತ್ತೇನೆ ಅಂದೆ.

ರಾತ್ರಿ ಊಟ ಆದ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ ಓದುವುದು, ಕನ್ನಡದಲ್ಲಿ ಹೇಳುವುದು. ಹೀಗೆ 1950ರಲ್ಲಿ ಎಲ್ಲಕ್ಕಿಂತ ಮೊದಲು ಬಂದ ಅದೇ ಪುಸ್ತಕ ಮುಗಿಸಲು ಮೂರು ವಾರ ಹಿಡಿಯಿತು. ಯುದ್ಧದ ಕಾಲಕ್ಕೆ ಲಂಡನ್ ಬಿಟ್ಟು ಹಳ್ಳಿಯ ದೊಡ್ಡ ಮನೆಗೆ ಬಂದ ನಾಲ್ಕು ಮಕ್ಕಳು. ಒಂದು ಬಟ್ಟೆ ಕಪಾಟಿನೊಳಗಿಂದ ನಾರ್ನಿಯಾ ಎಂಬ ಹಿಮದ ನಾಡಿಗೆ ದಾರಿ. ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಬುದ್ಧಿಗೇಡಿತನ ಅಂತ ಲೇಖಕರು ಮತ್ತೆ ಮತ್ತೆ ಹೇಳುತ್ತಾರೆ. ತಾಯಿಯಾಗಿ ನನಗೆ ಅದು ಬಹಳ ಹಿಡಿಸಿತು.

ಮಾಟಗಾತಿ ಆ ನಾಲ್ವರಲ್ಲಿ ಒಬ್ಬನಾದ ಎಡ್ಮಂಡ್‌ಗೆ ಟರ್ಕಿಶ್ ಡಿಲೈಟ್ ತಿನ್ನಿಸಿ ಒಲಿಸಿಕೊಳ್ಳುತ್ತಾಳೆ. ತಿಂದಷ್ಟೂ ಇನ್ನೂ ಬೇಕು ಅನ್ನಿಸುವ ಮಿಠಾಯಿ. "ಅದರ ಮ್ಯಾಲೆ ಪೇಡಾದ ಗತೆ ಸಕ್ಕರಿ ಪುಡಿ ಇರತೈತೇನವಾ?" ಅಂತ ಮಗಳು ಕೇಳಿದಳು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮನ ಪಾಲಿನ ಪೇಡಾ ತಾನು ತಿಂದದ್ದನ್ನು ತಾನಾಗಿಯೇ ಒಪ್ಪಿಕೊಂಡಳು. ಪಾಪ ಹೇಗೆ ರುಚಿ ಹಿಡಿಸುತ್ತದೆ ಅಂತ ಇಷ್ಟು ಸರಳವಾಗಿ ನಾನೆಂದೂ ಅವಳಿಗೆ ಹೇಳಿರಲಿಲ್ಲ.

ನನಗೆ ಕಷ್ಟವಾದದ್ದು ಒಂದೇ ಶಬ್ದ. ಇಂಗ್ಲಿಷಿನಲ್ಲಿ ಮಾಟಗಾತಿ ಮಾಡುವುದಕ್ಕೂ ಮ್ಯಾಜಿಕ್ ಅಂತಾರೆ, ಆ ನಾಡಿನ ಮೇಲಿನ ಚಕ್ರವರ್ತಿ ಲೋಕದ ಆದಿಯಲ್ಲಿ ಇಟ್ಟ ನಿಯಮಕ್ಕೂ ಮ್ಯಾಜಿಕ್ ಅಂತಾರೆ. ದ್ರೋಹ ಮಾಡಿದವನು ಸಾಯಬೇಕು ಅನ್ನೋದು ಆ ನಿಯಮ. ಅದಕ್ಕೂ ಹಳೆಯದು ಇನ್ನೊಂದಿದೆ. ತಪ್ಪು ಮಾಡದವನು ತಾನಾಗಿ ಬಂದು ದ್ರೋಹಿಯ ಬದಲಿಗೆ ಸತ್ತರೆ ಸಾವೇ ಹಿಂದಕ್ಕೆ ತಿರುಗುತ್ತದೆ. ಇದನ್ನು ಮಾಟ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಮಾಟಗಾತಿಯದಕ್ಕೆ 'ಮಾಟ' ಅಂದೆ, ಚಕ್ರವರ್ತಿಯದಕ್ಕೆ 'ಆದಿಯ ಕಟ್ಟಳೆ' ಅಂದೆ. ಹಾಗೆ ಹೇಳಿದ ಮೇಲೆ ಕಥೆ ನನಗೇ ತಿಳಿಯಾಯಿತು. ಮೊದಲ ಪುಸ್ತಕದಲ್ಲಿ ನಾಲ್ಕು ಮಕ್ಕಳಲ್ಲಿ ಒಬ್ಬರೂ ಮಂತ್ರ ಹಾಕುವುದಿಲ್ಲ.

ಹದಿನಾಲ್ಕನೇ ಅಧ್ಯಾಯದಲ್ಲಿ, ದ್ರೋಹ ಮಾಡಿದ ಎಡ್ಮಂಡ್‌ನ ಬದಲಿಗೆ ತಾನಾಗಿ ಬಂದ ಆಸ್ಲಾನ್ ಎಂಬ ಸಿಂಹವನ್ನು ಕಟ್ಟಿ, ಕೂದಲು ಬೋಳಿಸಿ, ಕಲ್ಲಿನ ಮೇಜಿನ ಮೇಲೆ ಕೊಲ್ಲುತ್ತಾರೆ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಆ ರಾತ್ರಿ ಅಲ್ಲಿಗೇ ನಿಲ್ಲಿಸಬೇಡಿ, ಮುಂದಿನ ಅಧ್ಯಾಯವನ್ನೂ ಓದಿಬಿಡಿ. ಚಿಕ್ಕ ಇಲಿಗಳು ಬಂದು ಹಗ್ಗ ಕಡಿಯುತ್ತವೆ, ಬೆಳಗಾಗುವಾಗ ಮೇಜು ಒಡೆಯುತ್ತದೆ, ಸಿಂಹ ಎದ್ದು ನಿಂತಿರುತ್ತದೆ. "ಅವ್ವಾ, ಇದು ಈಸ್ಟರ್ ಅಲ್ಲೇನ?" ಅಂದಳು. ನಾನೇನೂ ಹೇಳಿಕೊಟ್ಟಿರಲಿಲ್ಲ.

ವೈನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಎಫೆಸದಲ್ಲಿ ಸುಟ್ಟದ್ದು ಮಾಟ ಮಾಡುವ ವಿಧಾನದ ಪುಸ್ತಕ, ಕಥೆ ಅಲ್ಲ ಅಂದೆ. ಬೈಬಲಿನಲ್ಲೇ ನ್ಯಾಯಸ್ಥಾಪಕರು 9ರಲ್ಲಿ ಗಿಡಮರಗಳು ತಮಗೊಬ್ಬ ರಾಜ ಬೇಕು ಅಂತ ಮಾತಾಡುತ್ತವಲ್ಲ, ಅದನ್ನೂ ಹೇಳಿದೆ. ಏಳು ಸಮುದ್ರದಾಚೆ ಗಿಣಿಯೊಳಗೆ ರಾಕ್ಷಸನ ಜೀವ ಇತ್ತು ಅಂತ ನಮ್ಮ ಆಯಿ ಹೇಳಿದ ಕಥೆ ಕೇಳಿ ನಾವೇನು ಕೆಟ್ಟೆವಾ? ವೈನಿ ಪೂರ್ತಿ ಒಪ್ಪಲಿಲ್ಲ. ಇದೇ ಸೆಟ್ಟಿನ 'ಪ್ರಿನ್ಸ್ ಕ್ಯಾಸ್ಪಿಯನ್'ನಲ್ಲಿ ದ್ರಾಕ್ಷಾರಸದ ದೇವರು ಬ್ಯಾಕಸ್ ಬಂದು ಕುಣಿಯುವುದು ನನಗೂ ಇಷ್ಟವಾಗಲಿಲ್ಲ, ಅದನ್ನು ಮುಚ್ಚಿಡದೆ ಅವರಿಗೆ ಹೇಳಿದೆ.

ನಿಜವಾಗಿ ಮನಸ್ಸಿಗೆ ಚುಚ್ಚಿದ್ದು ಮಾಟ ಅಲ್ಲ. 1954ರ 'ದಿ ಹಾರ್ಸ್ ಅಂಡ್ ಹಿಸ್ ಬಾಯ್'ನಲ್ಲಿ ಕ್ಯಾಲೋರ್ಮೆನ್ ಅಂತ ಒಂದು ದೇಶ. ಅಲ್ಲಿನವರ ಮೈಬಣ್ಣ ಕಪ್ಪು, ತಲೆಗೆ ಪಟಗಾ, ಗಡ್ಡ, ಸೊಂಟದಲ್ಲಿ ಬಾಗಿದ ಕತ್ತಿ. ಹೆಚ್ಚಿನವರು ಕ್ರೂರಿಗಳು. ಮಗಳು ಓದು ನಿಲ್ಲಿಸಿ ಕೇಳಿದಳು, "ಗದಗಿನ ನಮ್ಮ ಮುತ್ಯಾನೂ ಪಟಗಾ ಸುತ್ತತಾನಲ್ಲ ಅವ್ವಾ?" ಅದೇ ದೇಶದ ಆರಾವಿಸ್ ಅನ್ನೋ ಹುಡುಗಿ ಧೈರ್ಯವಂತೆ, ಒಳ್ಳೆಯವಳು ಅಂತ ತೋರಿಸಿದೆ. ಆದರೂ ಆ ರಾತ್ರಿ ಪುಸ್ತಕ ಮಡಚಿಟ್ಟು ಬಹಳ ಹೊತ್ತು ಮಾತಾಡಬೇಕಾಯಿತು. ಮಾಟದ ಬಗ್ಗೆ ಅಷ್ಟು ಚರ್ಚೆ ಮಾಡುವ ನಾವು ಇದರ ಬಗ್ಗೆ ಯಾಕೆ ಮಾತಾಡುವುದಿಲ್ಲ?

ತಗೊಳ್ಳುವವರಿಗೆ ಒಂದೆರಡು ಮಾತು. ಈ ಸೆಟ್ಟಿನಲ್ಲಿ 1 ಅಂತ ನಂಬರ್ ಇರುವುದು 'ದಿ ಮ್ಯಾಜಿಶಿಯನ್ಸ್ ನೆಫ್ಯೂ', ಅದು ಬಂದದ್ದು 1955ರಲ್ಲಿ. ನೀವು ಕಪಾಟಿನ ಕಥೆಯಿಂದಲೇ ಶುರು ಮಾಡಿ. 'ದಿ ವಾಯೇಜ್ ಆಫ್ ದ ಡಾನ್ ಟ್ರೆಡರ್'ನ ಹತ್ತನೇ ಅಧ್ಯಾಯದಲ್ಲಿ ಆ ನಾಲ್ವರಲ್ಲಿ ಕಿರಿಯಳಾದ ಲೂಸಿ ಮಂತ್ರದ ಪುಸ್ತಕ ಓದುತ್ತಾಳೆ, ಗೆಳತಿಯ ಮಾತು ಕದ್ದು ಕೇಳಿ ನೊಂದುಕೊಳ್ಳುತ್ತಾಳೆ. ಅಲ್ಲಿ ಮಗುವಿನ ಪಕ್ಕದಲ್ಲಿ ಕೂತುಕೊಳ್ಳಿ. ಎಂಟರ ಒಳಗಿನ ಮಕ್ಕಳಿಗೆ ಇಡೀ ಸೆಟ್ ಬೇಡ, ಕಪಾಟಿನದೊಂದೇ ಸಾಕು. ನಮ್ಮದು ಸದ್ಯ ಧಾರವಾಡದಲ್ಲಿದೆ. ಮೊದಲು ತಾವೇ ಓದಿ ಆಮೇಲೆ ಹೇಳುತ್ತೇನೆ ಅಂತ ವೈನಿ ಒಯ್ದಿದ್ದಾರೆ.